ದಾರಿ ಎಲ್ಲಿ ರೀ? ಡ್ಯಾನ್ಯೂಬ್ ನೋಡಲು ಹೊರಟ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಡ್ಯಾನ್ಯೂಬ್ ನದಿಯ ಹಡಗಿಗೆ ಟಿಕೆಟ್ ಮಾಡಿಸಿರುವ, ಮಾಡಿಸಬೇಕೆಂದಿರುವ ಕನ್ನಡಿಗರಿಗೆಲ್ಲ ನಮಸ್ಕಾರ.

ಯುರೋಪಿನಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಐಫೆಲ್ ಗೋಪುರ, ಸ್ವಿಟ್ಜರ್ಲೆಂಡಿನ ಹಿಮ ಎಲ್ಲ ಮುಗಿದ ಮೇಲೆ ಈಗೀಗ ಈ ನದಿಯಾತ್ರೆಯೂ ಸೇರಿಕೊಳ್ಳುತ್ತಿದೆ. ನನ್ನ ಮಗಳೂ ನಮ್ಮಿಬ್ಬರನ್ನು ಹಾಗೆಯೇ ಹಡಗು ಹತ್ತಿಸಿದಳು. ನಾನು ಮೂವತ್ತು ಚಿಲ್ಲರೆ ವರ್ಷ ಸರ್ಕಾರದ ರಸ್ತೆ ಕೆಲಸ ನೋಡಿಕೊಂಡವನು. ಅದರಲ್ಲಿ ಅರ್ಧ ಆಯಸ್ಸು ಘಟ್ಟದ ತಿರುವುಗಳಲ್ಲೇ ಕಳೆಯಿತು. ಆದ್ದರಿಂದ ಹಡಗಿನಲ್ಲಿ ಎಲ್ಲರೂ ಕಂಡದ್ದನ್ನು ಬಿಟ್ಟು ಬೇರೇನೋ ನೋಡಿಕೊಂಡು ಬಂದೆ. ಅದನ್ನು ನಿಮಗೂ ತೋರಿಸೋಣವೆಂದು ಈ ಪತ್ರ.

ಬೆಲ್‌ಗ್ರೇಡ್ ದಾಟಿ ಪೂರ್ವಕ್ಕೆ ಹರಿಯುವ ನದಿ ಕಾರ್ಪೇಥಿಯನ್ ಬೆಟ್ಟಗಳ ನಡುವೆ ನುಗ್ಗುವ ಜಾಗಕ್ಕೆ 'ಕಬ್ಬಿಣದ ಬಾಗಿಲು' ಎಂದು ಹೆಸರು. ಎಡದಂಡೆ ರೊಮೇನಿಯ, ಬಲದಂಡೆ ಸರ್ಬಿಯ. ಕಣಿವೆಯ ಅತಿ ಇಕ್ಕಟ್ಟಿನ ಭಾಗವನ್ನು ಕಜಾನ್ ಎನ್ನುತ್ತಾರೆ. ತುರ್ಕಿ ಭಾಷೆಯಲ್ಲಿ ಹಾಗೆಂದರೆ ಹಂಡೆ. ಅಷ್ಟು ದೊಡ್ಡ ನದಿ ಅಲ್ಲಿ ನೂರೈವತ್ತು ಮೀಟರ್ ಅಗಲಕ್ಕೆ ಕುಗ್ಗುತ್ತದೆ. ಹಿಂದೆ ನೀರು ನಿಜವಾಗಿಯೂ ಕುದಿಯುತ್ತಿತ್ತಂತೆ. ಈಗ ಕೆಳಗೆ ಅಣೆಕಟ್ಟು ಬಂದು ಕೆರೆಯ ಹಾಗೆ ತೆಪ್ಪಗಿದೆ.

ಅಲ್ಲಿ ಏನಾಗುತ್ತದೆ ಹೇಳುತ್ತೇನೆ ಕೇಳಿ. ಎಡಗಡೆ ಬಂಡೆಯಲ್ಲಿ ಒಂದು ಭಾರಿ ಮುಖ ಕಾಣಿಸಿಕೊಳ್ಳುತ್ತದೆ. ಈಗಿನ ರೊಮೇನಿಯದ ಕಡೆ ಹಿಂದೆ ಇದ್ದ ಡೇಸಿಯ ದೇಶದ ಕೊನೆಯ ದೊರೆ ಡೆಸೆಬಾಲಸ್‌ನದು. ಎತ್ತರ ನಲವತ್ತು ಮೀಟರಿಗೂ ಮಿಗಿಲು. ಇಡೀ ಹಡಗು ಎಡಮಗ್ಗುಲಿಗೆ ಓಡುತ್ತದೆ. ಫೋಟೊ, ಸೆಲ್ಫಿ, 'ಸ್ವಲ್ಪ ಸರೀರಿ'. ಮುಖ ಬಹಳ ಹಳೆಯದೆಂದು ನಮ್ಮ ಜೊತೆಗಿದ್ದವರೆಲ್ಲ ನಂಬಿಬಿಟ್ಟಿದ್ದರು. ಅದನ್ನು ಕೆತ್ತಲು ಶುರು ಮಾಡಿದ್ದು 1994ರಲ್ಲಿ, ಮುಗಿಸಿದ್ದು 2004ರಲ್ಲಿ. ದುಡ್ಡು ಕೊಟ್ಟ ಶ್ರೀಮಂತ ಉದ್ಯಮಿ ಡ್ರಾಗಾನ್ ಅದರ ಕೆಳಗೆ ಲ್ಯಾಟಿನ್ನಿನಲ್ಲಿ 'ಡೆಸೆಬಾಲಸ್ ದೊರೆ, ಡ್ರಾಗಾನ್ ಮಾಡಿಸಿದನು' ಎಂದು ತನ್ನ ಹೆಸರನ್ನೂ ಕೊರೆಸಿದ್ದಾನೆ. ಕೆತ್ತಿದ ಹನ್ನೆರಡು ಶಿಲ್ಪಿಗಳು ಆ ಸಾಲಿನಲ್ಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮುಖ ಹಿಂದೆ ಸರಿಯುತ್ತದೆ. ಜನ ಕೂತು ತೆಗೆದ ಫೋಟೊಗಳನ್ನು ನೋಡಿಕೊಳ್ಳುತ್ತಾರೆ, ಕಾಫಿ ಬರುತ್ತದೆ. ಆಗ, ಸರಿಯಾಗಿ ಆಗಲೇ, ಬಲಗಡೆಯ ಸರ್ಬಿಯ ದಂಡೆಯಲ್ಲಿ ನೀರಿಗಿಂತ ಸ್ವಲ್ಪ ಮೇಲೆ ಬಂಡೆಯ ಸೂರಿನಡಿ ಒಂದು ಫಲಕ ಹಾದುಹೋಗುತ್ತದೆ. ನಾಲ್ಕು ಮೀಟರ್ ಅಗಲ, ಒಂದೂಮುಕ್ಕಾಲು ಮೀಟರ್ ಎತ್ತರ. ನಮ್ಮ ಹಡಗಿನ ಧ್ವನಿವರ್ಧಕದಲ್ಲಿ ಅದರ ಬಗ್ಗೆ ಬಂದದ್ದು ಒಂದೇ ವಾಕ್ಯ, ಅದೂ ಊಟದ ಹೊತ್ತು ತಿಳಿಸುವ ಮಾತಿನ ಜೊತೆಗೆ. ನನ್ನಾಕೆ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನೋಡಿದಳು.

"ಏನು ಬರೆದಿದೆ ರೀ?"

"ಈ ದಾರಿಯನ್ನು ಮಾಡಿಸಿದೆ ಅಂತ ಬರೆದಿದೆ."

ಅವಳು ಬಂಡೆ ನೋಡಿದಳು, ನೀರು ನೋಡಿದಳು, ಮತ್ತೆ ಬಂಡೆ ನೋಡಿದಳು. "ದಾರಿ ಎಲ್ಲಿ ರೀ?"

ಆ ಫಲಕದ ಹೆಸರು ತಾಬುಲಾ ತ್ರಾಯಾನಾ, ಟ್ರೇಜನ್ನನ ಶಾಸನ. ಕ್ರಿ.ಶ. 100ರಲ್ಲಿ ರೋಮ್ ಚಕ್ರವರ್ತಿ ಟ್ರೇಜನ್ ಈ ಕಣಿವೆಯ ಬಲದಂಡೆಯ ಉದ್ದಕ್ಕೂ ಬಂಡೆ ಕಡಿಸಿ ರಸ್ತೆ ಪೂರೈಸಿದ್ದರ ಗುರುತು. ಒಟ್ಟು ಆರು ಸಾಲು. ಅದರಲ್ಲಿ ಮೊದಲ ನಾಲ್ಕು ಸಾಲು ಬರೀ ಬಿರುದು: ದೈವತ್ವಕ್ಕೇರಿದ ಹಿಂದಿನ ಚಕ್ರವರ್ತಿ ನರ್ವನ ಮಗ, ಆಗಸ್ಟಸ್, ಜರ್ಮನಿಕಸ್, ಮಹಾಪುರೋಹಿತ, ನಾಲ್ಕನೇ ಬಾರಿ ಟ್ರಿಬ್ಯೂನ್ ಅಧಿಕಾರ ಪಡೆದವನು, ದೇಶದ ತಂದೆ, ಮೂರನೇ ಬಾರಿ ಕಾನ್ಸಲ್. ಟ್ರಿಬ್ಯೂನ್, ಕಾನ್ಸಲ್ ಎರಡೂ ರೋಮಿನ ದೊಡ್ಡ ಪದವಿಗಳು. ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಎಂದು ಒಂದೇ ಉಸಿರಿಗೆ ಓದಿಕೊಂಡು ಬಂದ ನಮಗೆ ಇದೇನೂ ಹೊಸದಲ್ಲ. ನಮ್ಮ ಇಲಾಖೆಯ ಅಡಿಗಲ್ಲುಗಳೂ ಹೀಗೆಯೇ. ಮಾನ್ಯರು, ಸನ್ಮಾನ್ಯರು, ಘನ ಉಪಸ್ಥಿತಿ, ಅಧ್ಯಕ್ಷತೆ ಎಲ್ಲ ಮುಗಿದ ಮೇಲೆ ಕಾಮಗಾರಿಯ ಹೆಸರಿಗೆ ಜಾಗ ಸಾಲದೆ ಅಕ್ಷರ ಸಣ್ಣದಾಗಿರುತ್ತದೆ.

ಆದರೂ ಬಿರುದಿನಿಂದ ಒಂದು ಉಪಕಾರವುಂಟು. ಮೂರನೇ ಕಾನ್ಸಲ್‌ಗಿರಿ, ನಾಲ್ಕನೇ ಟ್ರಿಬ್ಯೂನ್ ಅಧಿಕಾರ ಎರಡೂ ಒಟ್ಟಿಗೆ ಕೂಡುವುದು 100ನೇ ಇಸವಿಯಲ್ಲಿ ಮಾತ್ರ. ಲೆಕ್ಕ ಪರಿಶೋಧಕರಿಗೆ ಇದಕ್ಕಿಂತ ಪಕ್ಕಾ ತಾರೀಖು ಬೇಕಿಲ್ಲ. ಇಲ್ಲದ ಬಿರುದನ್ನೂ ಗಮನಿಸಿ. ಜರ್ಮನಿಕಸ್ ಇದೆ, ಡೇಸಿಯವನ್ನು ಗೆದ್ದವನು ಎಂಬರ್ಥದ ಡೇಸಿಕಸ್ ಇಲ್ಲ. ಅದು ಅವನಿಗೆ ಸಿಕ್ಕಿದ್ದು 102ರಲ್ಲಿ, ಮೊದಲ ಡೇಸಿಯ ಯುದ್ಧ ಮುಗಿದ ಮೇಲೆ. ಆ ಯುದ್ಧ ಶುರುವಾದದ್ದು 101ರಲ್ಲಿ. ಅಂದರೆ ರಸ್ತೆ ಸಿದ್ಧವಾದ ಮರುವರ್ಷವೇ ಸೈನ್ಯ ನದಿ ದಾಟಿದೆ. ಈ ದಾರಿ ಜಾತ್ರೆಗೆ ಹೋಗುವವರಿಗಾಗಿ ಮಾಡಿದ್ದಲ್ಲ.

ನನಗೆ ಬೇಕಾದದ್ದು ಕೊನೆಯ ಎರಡು ಸಾಲು. ಕೆಲಸದ ಮಾತು ಅಲ್ಲಿ ಮಾತ್ರ ಇದೆ. ಅದೇ ಸಾಲುಗಳು ಮಸಿ ಹಿಡಿದು, ಸಿಡಿದು, ಅಳಿಸಿಹೋಗಿವೆ. ಮಳೆಗಾಳಿಗೆ ಬಂಡೆಯ ಮರೆ ಸೇರುತ್ತಿದ್ದ ಮೀನುಗಾರರು ಶತಮಾನಗಳ ಕಾಲ ಅದರ ಬುಡದಲ್ಲಿ ಬೆಂಕಿ ಹಾಕಿಕೊಂಡರು. ಬಿರುದುಗಳೆಲ್ಲ ಮೇಲಿದ್ದು ಉಳಿದವು. ಉಳಿದ ಚೂರುಪಾರು ಅಕ್ಷರಗಳ ಮೇಲೆ ವಿದ್ವಾಂಸರ ನಡುವೆ ದೊಡ್ಡ ಚರ್ಚೆ ನಡೆದಿದೆ. 'ಬೆಟ್ಟದ, ನದಿಯ ಅಂಕುಡೊಂಕುಗಳನ್ನು ಗೆದ್ದು ದಾರಿ ತೆರೆದನು' ಎಂದು ಹಿಂದೆ ಓದಿದರು. 'ಮೋಂಟಿಬುಸ್ ಎಕ್ಸಿಸಿಸ್, ಅಂಕೋನಿಬುಸ್ ಸುಬ್ಲಾತಿಸ್, ವಿಯಾಂ ಫೇಕಿತ್' ಎಂಬುದು ಈಗ ಹೆಚ್ಚು ಬಳಕೆಯಲ್ಲಿರುವ ಓದು: ಬೆಟ್ಟಗಳನ್ನು ಕಡಿದು, ಆನಿಕೆಗಳನ್ನು ಎತ್ತಿ ನಿಲ್ಲಿಸಿ, ದಾರಿ ಮಾಡಿದನು.

ನಾನು ಎರಡನೆಯ ಓದಿನ ಕಡೆಯವನು. ಲ್ಯಾಟಿನ್ ಬಲ್ಲೆನೆಂದಲ್ಲ. ರಸ್ತೆ ಮಾಡಿದವನು 'ಅಂಕುಡೊಂಕು ಗೆದ್ದೆ' ಎಂದು ಹೇಳುವುದಿಲ್ಲ, ಏನು ಕಡಿದೆ, ಏನು ನಿಲ್ಲಿಸಿದೆ ಎಂದು ಹೇಳುತ್ತಾನೆ. ಅಳತೆ ಪುಸ್ತಕ ಬರೆದ ಯಾರನ್ನಾದರೂ ಕೇಳಿ ನೋಡಿ.

ಆ 'ಅಂಕೋನ್' ಎಂಬ ಮಾತಿಗೆ ಮೊಣಕೈ ಎಂದು ಅರ್ಥ. ಗೋಡೆಗೆ ಹಲಗೆ ಕೂರಿಸುವಾಗ ಕೆಳಗೆ ಓರೆಯಾಗಿ ಕೊಡುತ್ತೇವಲ್ಲ, ಆ ಆನಿಕೆ ಮಡಿಸಿದ ಮೊಣಕೈಯಂತೆಯೇ ಇರುತ್ತದೆ. ಕಜಾನಿನಲ್ಲಿ ಬಂಡೆ ನೇರ ನೀರಿಗೆ ಇಳಿಯುತ್ತದೆ, ಕಾಲಿಡಲು ದಂಡೆಯೇ ಇಲ್ಲ. ಸಿಡಿಮದ್ದು ಇನ್ನೂ ಹುಟ್ಟಿರಲಿಲ್ಲ. ಉಳಿ, ಸುತ್ತಿಗೆ, ಬೆಣೆಗಳಲ್ಲೇ ಪೂರ್ತಿ ಅಗಲಕ್ಕೆ ಬಂಡೆ ಕಡಿಯುವುದೆಂದರೆ ತಲೆಮಾರುಗಳ ಕೆಲಸ. ಹಾಗಾಗಿ ಅವರು ಬಂಡೆಯಲ್ಲಿ ಜಗಲಿಯಂಥ ಕಿರಿದಾದ ಒಂದು ಅಂಚು ಕಡಿದರು. ಅದರ ಕೆಳಗೆ ಸಾಲಾಗಿ ಚೌಕ ಗುಣಿ ತೋಡಿ ತೊಲೆಗಳನ್ನು ಒಳಕ್ಕೆ ಕೂರಿಸಿದರು, ತೊಲೆಯ ಹೊರತುದಿ ನೀರಿನ ಮೇಲಕ್ಕೆ ಚಾಚುವಂತೆ. ಆಮೇಲೆ ಅಡಿಯಿಂದ ಮೊಣಕೈ ಆನಿಕೆ, ಮೇಲೆ ಹಲಗೆ. ಹೀಗೆ ಅರ್ಧ ರಸ್ತೆ ಕಲ್ಲಿನ ಮೇಲೆ, ಇನ್ನರ್ಧ ನದಿಯ ಮೇಲೆ ತೂಗಿಕೊಂಡು ನಿಂತಿತು. ಘಟ್ಟದಲ್ಲಿ ನಾವು ತಡೆಗೋಡೆ ಕಟ್ಟಿ ಹೊರಗಡೆಗೆ ಅಗಲ ತೆಗೆದುಕೊಳ್ಳುವ ಉಪಾಯದ ಅಣ್ಣ ಇದು. ಒಂದೇ ವ್ಯತ್ಯಾಸ, ನಮಗೆ ಗೋಡೆ ಕೂರಿಸಲು ನೆಲ ಇರುತ್ತದೆ.

ಮರದ ಕೆಲಸವೆಂದ ಮೇಲೆ ರಿಪೇರಿ ತಪ್ಪಿದ್ದಲ್ಲ. ಚಳಿಗಾಲದ ಮಂಜುಗಡ್ಡೆ, ವಸಂತದ ನೆರೆ ಬಂದು ಹಲಗೆ ಕಿತ್ತುಕೊಂಡು ಹೋಗಿರಬೇಕು. ಈ ಕಣಿವೆಯಲ್ಲಿ ದಾರಿ ಶುರು ಮಾಡಿದವನು ಟ್ರೇಜನ್ ಅಲ್ಲವೇ ಅಲ್ಲ. ಅವನಿಗಿಂತ ಸುಮಾರು ಅರವತ್ತಾರು ವರ್ಷ ಮೊದಲು, 33–34ರಲ್ಲಿ, ಟಿಬೇರಿಯಸ್ ಚಕ್ರವರ್ತಿಯ ಕಾಲದ ಶಾಸನಗಳು ಮೇಲ್ಹರಿವಿನ ಬಂಡೆಗಳ ಮೇಲೆ ಇದ್ದವು. ಆಮೇಲೆ ಡೊಮಿಷಿಯನ್ ಚಕ್ರವರ್ತಿ ಬಂದು, ಹಳತಾಗಿ, ಡ್ಯಾನ್ಯೂಬ್ ಬಡಿದು ಹಾಳಾದ ದಾರಿಯನ್ನು ಸರಿಪಡಿಸಿದ್ದಾಗಿ ಬರೆಸಿದ. ಅದನ್ನು ಓದಿದಾಗ ನಗು ಬಂತು. ವಾರ್ಷಿಕ ದುರಸ್ತಿಗೂ ಶಾಸನ! ನಮ್ಮ ಕಾಲದಲ್ಲಿ ಗುಂಡಿ ಮುಚ್ಚಿದ್ದಕ್ಕೆ ಫ್ಲೆಕ್ಸ್ ಹಾಕುತ್ತಾರೆಂದು ಗೊಣಗಿದ್ದೆ.

ಟಿಬೇರಿಯಸ್ ಕಾಲದ ಶಾಸನದಲ್ಲಿ ನನಗೆ ಹಿಡಿಸಿದ್ದು ಬೇರೆಯೇ. ಅದರಲ್ಲಿ ನಾಲ್ಕನೇ ಸ್ಕಿಥಿಕಾ, ಐದನೇ ಮ್ಯಾಸಿಡೋನಿಕಾ ಎಂಬ ಎರಡು ಲೀಜನ್‌ಗಳ ಹೆಸರಿದೆ. ಸೈನ್ಯದ ತುಕಡಿಗಳು, ಅಂದರೆ ಕೆಲಸ ಮಾಡಿದವರು. ಸಿರಿಯದಲ್ಲಿ, ಡಮಾಸ್ಕಸ್ ಹತ್ತಿರದ ಬರದಾ ನದಿಯ ಕಣಿವೆಯಲ್ಲಿ, ಮಾರ್ಕಸ್ ಆರೇಲಿಯಸ್ ಮತ್ತು ಲೂಸಿಯಸ್ ವೇರಸ್ ಕಾಲದ ಇನ್ನೊಂದು ಬಂಡೆಶಾಸನವಿದೆ. ನದಿಯ ರಭಸಕ್ಕೆ ಕಿತ್ತುಹೋದ ದಾರಿಯನ್ನು ಬೆಟ್ಟ ಸೀಳಿ ಮತ್ತೆ ಮಾಡಿಸಿದೆವು ಎಂದು ಚಕ್ರವರ್ತಿಗಳು ಹೇಳಿಕೊಳ್ಳುತ್ತಾರೆ. ತುದಿಯಲ್ಲಿ ಎರಡೇ ಪದ: ಖರ್ಚು ಅಬಿಲಾದವರದು. ಅಬಿಲಾ ಎಂದರೆ ಅಲ್ಲೇ ಪಕ್ಕದ ಊರು. ಆ ಎರಡು ಪದ ಬರೆಸಿದ ಅಧಿಕಾರಿ ಯಾರೇ ಆಗಿರಲಿ, ನಾನು ಅವನಿಗೆ ಎದ್ದುನಿಂತು ನಮಸ್ಕಾರ ಹೇಳುತ್ತೇನೆ.

ಟ್ರೇಜನ್ನನ ಫಲಕದಲ್ಲಿ ಲೀಜನ್ ಇಲ್ಲ, ಖರ್ಚಿನ ಲೆಕ್ಕ ಇಲ್ಲ, ಬಡಗಿ ಇಲ್ಲ. ಫಲಕವನ್ನು ಎರಡು ಕಡೆಯಿಂದ ರೆಕ್ಕೆಯ ದೇವದೂತರು ಹಿಡಿದಿದ್ದಾರೆ, ಅಷ್ಟೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಹಾಕಿಕೊಂಡಿದ್ದನ್ನು, ಸೋಮನಾಥಪುರದಲ್ಲಿ ಮಲ್ಲಿತಮ್ಮನ ರುಜುವನ್ನು ನೋಡಿ ಬೆಳೆದ ಕಣ್ಣಿಗೆ ಇದು ಚುಚ್ಚುತ್ತದೆ. ಟ್ರೇಜನ್ ಜಿಪುಣನಾಗಿದ್ದ ಎಂದೂ ಹೇಳುವಂತಿಲ್ಲ. 113ರಲ್ಲಿ ರೋಮ್ ನಗರದಲ್ಲಿ ನಿಂತ ಅವನ ವಿಜಯಸ್ತಂಭದ ಮೇಲೆ ಸೈನಿಕರು ಮರ ಕಡಿಯುವುದು, ಕೋಟೆ ಕಟ್ಟುವುದು ಸುತ್ತುಸುತ್ತಾಗಿ ಕೆತ್ತಿದೆ. ನದಿದೇವರು ಗಡ್ಡ ಬಿಟ್ಟುಕೊಂಡು ನೀರಿನಿಂದ ಎದ್ದು ಅವರನ್ನು ನೋಡುತ್ತಾನೆ. ಇಲ್ಲಿ, ಕೆಲಸ ನಡೆದ ಜಾಗದಲ್ಲೇ, ಅವರ ಸುದ್ದಿ ಇಲ್ಲ.

ಒಬ್ಬ ಸೈನಿಕ ಮಾತ್ರ ತನ್ನ ಏರ್ಪಾಡು ತಾನೇ ಮಾಡಿಕೊಂಡ. ಟಿಬೇರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬ ರಾವುತ. 106ರಲ್ಲಿ ಸೋತ ಡೆಸೆಬಾಲಸ್ ಸೆರೆಸಿಗದೆ ಪ್ರಾಣ ಬಿಟ್ಟಾಗ ಅವನ ತಲೆಯನ್ನು ಟ್ರೇಜನ್ನನಿಗೆ ತಂದೊಪ್ಪಿಸಿದವನು. ಬದುಕಿರುವಾಗಲೇ ತನ್ನ ಗೋರಿಕಲ್ಲು ಮಾಡಿಸಿ ಅದನ್ನೆಲ್ಲ ಕೊರೆಸಿಟ್ಟ. ಅದು ಗ್ರೀಸಿನ ಫಿಲಿಪ್ಪಿ ಬಳಿ 1965ರಲ್ಲಿ ಸಿಕ್ಕಿತು. ನಮ್ಮ ವೀರಗಲ್ಲಿನ ಜಾತಿಯದೇ ಅನ್ನಿ, ಆದರೆ ವೀರನೇ ನಿಂತು ಕೆತ್ತಿಸಿದ್ದು. ಎಡದಂಡೆಯ ಆ ನಲವತ್ತು ಮೀಟರಿನ ಮುಖದ ಫೋಟೊ ತೆಗೆಯುವಾಗ ಇದನ್ನೊಮ್ಮೆ ನೆನೆಯಿರಿ. ಅದು ಕಡಿಸಿಕೊಂಡ ತಲೆ.

ಈಗ ನನ್ನಾಕೆಯ ಪ್ರಶ್ನೆಗೆ ಬರುತ್ತೇನೆ.

ಆಗ ಸರ್ಬಿಯವನ್ನೂ ಒಳಗೊಂಡಿದ್ದ ಯುಗೊಸ್ಲಾವಿಯ, ರೊಮೇನಿಯ ಎರಡೂ ಸೇರಿ 1964ರಲ್ಲಿ ಇಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟಿನ ಕೆಲಸ ಹಿಡಿದವು, 1972ರಲ್ಲಿ ಮುಗಿಸಿದವು. ಅಣೆಕಟ್ಟಿನ ಬಳಿ ನೀರಿನ ಮಟ್ಟ ಸುಮಾರು 35 ಮೀಟರ್ ಏರಿತು. ತುರ್ಕರು ನೆಲೆಸಿದ್ದ ಆದಾ ಕಾಲೆ ಎಂಬ ದ್ವೀಪ, ಅದರ ಮಸೀದಿ, ಅಂಗಡಿಬೀದಿ ಸಮೇತ ಮುಳುಗಿತು. ಹಳೆಯ ಒರ್ಶೋವಾ ಪಟ್ಟಣ ಮುಳುಗಿ ಹೊಸ ಒರ್ಶೋವಾ ಎದ್ದಿತು. ಸಾವಿರಾರು ವರ್ಷ ಹಿಂದಿನ ಮೀನುಗಾರರ ನೆಲೆ ಲೆಪೆನ್ಸ್ಕಿ ವೀರ್ ಅನ್ನು ಮೇಲಕ್ಕೆ ಸಾಗಿಸಿದರು. ಟ್ರೇಜನ್ನನ ಫಲಕವನ್ನು ಬಂಡೆ ಸಮೇತ ಕೊಯ್ದು ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಿ ಕೂರಿಸಿದರು. ಕೆಲಸ ಅಚ್ಚುಕಟ್ಟು, ಅದರಲ್ಲಿ ಮಾತಿಲ್ಲ. ಜೋಡಿಸಿದ್ದೆಂದು ಹೇಳಿದರೂ ಕಣ್ಣಿಗೆ ಹೊಳೆಯುವುದಿಲ್ಲ. 1979ರಲ್ಲಿ ಅದನ್ನು ದೇಶದ ಅತಿ ಮಹತ್ವದ ಸ್ಮಾರಕಗಳ ದರ್ಜೆಗೂ ಸೇರಿಸಿದರು.

ಫಲಕ ಮೇಲೆ ಬಂತು. ಅದು ಯಾವುದರ ಫಲಕವೋ ಆ ದಾರಿ, ಗುಣಿ ತೋಡಿದ ಬಂಡೆಗಳ ಸಾಲು, ಬಹುಪಾಲು ಕೆಳಗೇ ಉಳಿಯಿತು. ಹಾಗಾಗಿ ಇವತ್ತು ಅಲ್ಲಿ 'ದಾರಿ ಮಾಡಿದನು' ಎಂಬ ಮಾತು ನೀರಿನ ಮೇಲೆ, ದಾರಿ ನೀರಿನ ಅಡಿಯಲ್ಲಿ. ನಾನು ನನ್ನಾಕೆಗೆ ಕೈತೋರಿಸಿದ್ದು ಹಡಗಿನ ಕೆಳಕ್ಕೆ. "ನಾವು ಈಗ ಅದರ ಮೇಲೇ ಹೋಗ್ತಾ ಇದೀವಿ" ಎಂದೆ. ಅವಳು ಮಂಡ್ಯದ ಕಡೆಯವಳು. ಕನ್ನಂಬಾಡಿ ಕಟ್ಟೆಯ ನೀರು ಬತ್ತಿದ ವರ್ಷಗಳಲ್ಲಿ ಹಳೆಯ ವೇಣುಗೋಪಾಲಸ್ವಾಮಿ ಗುಡಿಯ ಕಂಬಗಳು ಮೇಲೇಳುತ್ತಿದ್ದುದನ್ನು, ಊರಿನವರು ಎತ್ತಿನಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದುದನ್ನು ಅವಳ ಅಜ್ಜಿ ಹೇಳುತ್ತಿದ್ದರಂತೆ. "ಇಲ್ಲಿ ನೀರು ಯಾವಾಗ ಇಳಿಯತ್ತೆ?" ಎಂದು ಕೇಳಿದಳು. ಈ ಜಲಾಶಯ ಹಾಗೆ ಬತ್ತುವಂಥದ್ದಲ್ಲ ಎಂದೆ. ಅವಳು ಸುಮ್ಮನಾದಳು. ಕನ್ನಂಬಾಡಿಯ ಗುಡಿಯನ್ನಾದರೂ ಕಲ್ಲು ಕಲ್ಲು ಬಿಚ್ಚಿ ಹೊಸ ಜಾಗದಲ್ಲಿ ಕಟ್ಟಿದರು. ರಸ್ತೆಯನ್ನು ಬಿಚ್ಚಿ ಬೇರೆ ಕಡೆ ಹಾಸುವುದು ಹೇಗೆ? ಅದು ಆ ಬಂಡೆಯ ಜೊತೆಗೇ ಇರಬೇಕಾದದ್ದು.

ಅಣೆಕಟ್ಟು ಕಟ್ಟಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಕರೆಂಟಿಲ್ಲದ ಕ್ಯಾಂಪಿನಲ್ಲಿ ಲಾಂದ್ರ ಹಚ್ಚಿಕೊಂಡು ಎಸ್ಟಿಮೇಟ್ ಬರೆದವನು ನಾನು. ಈ ನದಿಯೂ ಹಡಗಿನವರಿಗೆ ಸುಲಭದ್ದಾಗಿರಲಿಲ್ಲ. ಟ್ರೇಜನ್ನನೇ 101ರಲ್ಲಿ 'ಜಲಪಾತಗಳ ಅಪಾಯದ ದೆಸೆಯಿಂದ' ನದಿಯನ್ನು ತಿರುಗಿಸಿ ಮೂರು ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿಸಿದ, ಅದರ ಶಾಸನ ಕೆಳಗಡೆ ಕರತಾಷ್‌ನಲ್ಲಿ ಸಿಕ್ಕಿದೆ. 1896ರಲ್ಲಿ ಸಿಪ್ ಎಂಬಲ್ಲಿ ಮತ್ತೊಂದು ಕಾಲುವೆ ತೆರೆದರೆ, ಅದರಲ್ಲಿ ಸೆಳೆತ ಎಷ್ಟಿತ್ತೆಂದರೆ ಮೇಲ್ಹರಿವಿಗೆ ಹೋಗುವ ಹಡಗುಗಳನ್ನು ದಡದ ಮೇಲೆ ರೈಲು ಎಂಜಿನ್ ಕಟ್ಟಿ ಎಳೆಸಬೇಕಾಯಿತು. ರೋಮನ್ನರ ರಸ್ತೆಯೂ ಬರೀ ಸೈನ್ಯ ನಡೆಯಲಿಕ್ಕಲ್ಲ, ದೋಣಿಗಳಿಗೆ ಹಗ್ಗ ಕಟ್ಟಿ ಪ್ರವಾಹಕ್ಕೆ ಎದುರಾಗಿ ಎಳೆಯಲಿಕ್ಕೂ ಇತ್ತು. ಆ ಹಲಗೆಗಳ ಮೇಲೆ ಹೆಗಲಿಗೆ ಹಗ್ಗ ಹಾಕಿಕೊಂಡು ಬಗ್ಗಿ ನಡೆದವರನ್ನು ಸ್ವಲ್ಪ ಊಹಿಸಿಕೊಳ್ಳಿ, ಕಾಫಿ ಲೋಟ ಕೈಯಲ್ಲಿದ್ದರೂ ಪರವಾಗಿಲ್ಲ.

ನನ್ನ ಕೋರಿಕೆ ಸಣ್ಣದು. ಆ ಸ್ಮಾರಕದ ಹೊಣೆ ಹೊತ್ತವರಲ್ಲಿ, ಈ ಮಾತು ಅವರ ಕಿವಿಗೆ ಬೀಳುವುದಾದರೆ, ಕೇಳುವುದು ಇಷ್ಟು. ಫಲಕವನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ, ಕೃತಜ್ಞತೆಗಳು. ಮುಳುಗಿರುವ ದಾರಿಯನ್ನೂ ಸ್ಮಾರಕವೆಂದೇ ಲೆಕ್ಕಕ್ಕೆ ಹಿಡಿಯಿರಿ. ಅದು ಎಷ್ಟು ಕೆಳಗೆ, ಯಾವ ಗೆರೆಯಲ್ಲಿ ಹೋಗುತ್ತದೆ ಎಂಬುದನ್ನು ದೋಣಿಯಲ್ಲಿ ಹೋಗುವವರ ಕಣ್ಣಿಗೆ ಕಾಣುವಂತೆ ಬಂಡೆಯ ಮೇಲಲ್ಲ, ನೀರಿನ ಮೇಲೆ ತೇಲುವ ನಾಲ್ಕು ಸೋರೆಬುರುಡೆ ಕಟ್ಟಿಯಾದರೂ ತೋರಿಸಿ. ಬಂಡೆಯ ಮೇಲೆ ಇನ್ನೊಂದು ಅಕ್ಷರವೂ ಬೇಡ. ಫಲಕದ ಮೇಲ್ಗಡೆ ಅದರ ಹೆಸರನ್ನು ಈಚಿನವರು ದಪ್ಪಕ್ಷರದಲ್ಲಿ ಕೊರೆದದ್ದೇ ಸಾಕಾಗಿದೆ.

ನಿಮ್ಮನ್ನು ಕೇಳಿಕೊಳ್ಳುವುದು ಇನ್ನೂ ಸುಲಭದ್ದು. ಹಡಗು ಹತ್ತಿದ ದಿನವೇ ಸಿಬ್ಬಂದಿಗೆ ಹೇಳಿಡಿ: ಫಲಕ ಬರುವುದಕ್ಕೆ ಹತ್ತು ನಿಮಿಷ ಮುಂಚೆ ತಿಳಿಸಿ, ಅಲ್ಲಿ ಸ್ವಲ್ಪ ನಿಧಾನ ಮಾಡಿ. ಒಬ್ಬರು ಕೇಳಿದರೆ ನಗುತ್ತಾರೆ, ಹತ್ತು ಜನ ಕೇಳಿದರೆ ಮಾಡುತ್ತಾರೆ. ಈ ಫಲಕ ಹತ್ತಿರದಿಂದ ಕಾಣುವುದು ನದಿಯಿಂದ ಮಾತ್ರ, ಆಮೇಲೆ ಕಾರಿನಲ್ಲಿ ಬಂದು ಹತ್ತಿರದಿಂದ ನೋಡುತ್ತೇನೆಂದರೆ ಆಗುವುದಿಲ್ಲ. ಮಕ್ಕಳಿದ್ದರೆ ಕೊನೆಯ ಸಾಲನ್ನು ಜೋರಾಗಿ ಓದಿ ಹೇಳಿ. ಬಿರುದುಗಳನ್ನು ಬಿಟ್ಟರೂ ನಡೆಯುತ್ತದೆ.

ಬೆಲ್‌ಗ್ರೇಡ್ ಕಡೆಯಿಂದ ಕೆಳಕ್ಕೆ ಬರುವವರು ಡೆಸೆಬಾಲಸ್‌ನ ಮುಖ ದಾಟಿದ ಕೂಡಲೇ ಎದ್ದು ಬಲಮಗ್ಗುಲಿಗೆ ಬನ್ನಿ. ಒರ್ಶೋವಾದಿಂದ ಸಣ್ಣ ದೋಣಿ ಹಿಡಿದು ಮೇಲ್ಹರಿವಿಗೆ ಹೋಗುವವರಿಗೆ ಫಲಕ ಎಡಗಡೆ, ಅದೂ ಮುಖಕ್ಕಿಂತ ಮೊದಲೇ ಬರುತ್ತದೆ. ಕೆಳಕ್ಕೆ ಬರುವಾಗ ಬಲದಂಡೆಯಲ್ಲಿ ತೆಕಿಯಾ ಊರಿನ ಮನೆಗಳು ಕಂಡವೋ, ತಪ್ಪಿಸಿಕೊಂಡಿರಿ ಎಂದೇ ಅರ್ಥ.

ಇಂತಿ ನಿಮ್ಮವ,
ಘಟ್ಟದ ರಸ್ತೆಗಳ ಒಬ್ಬ ನಿವೃತ್ತ ಎಂಜಿನಿಯರ್